ಹೀಟರ್ ಇಲ್ಲದ ಶೆಡ್ಡಿನಲ್ಲಿ ಹಳೇ ಲೇತ್

ಇಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಹಳೇ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಮಷೀನು, ಇಟ್ಟುಕೊಂಡವರೆಲ್ಲ ಚಳಿಗಾಲ ಅಂದರೆ ಹೆದರುತ್ತಾರೆ. ಹೆದರಬೇಕಾದದ್ದೇ. ಆದರೆ ಯಾವ ದಿನಕ್ಕೆ ಹೆದರಬೇಕು ಅನ್ನುವುದರಲ್ಲಿ ತುಂಬ ಜನಕ್ಕೆ ಗೊಂದಲ ಇದೆ ಅಂತ ನನಗೆ ಅನ್ನಿಸುತ್ತದೆ. ಮೈನಸ್ 15 ಡಿಗ್ರಿಗೆ ಇಳಿದ ಜನವರಿ ರಾತ್ರಿ ನನ್ನ ಲೇತಿಗೆ ಏನೂ ಆಗುವುದಿಲ್ಲ. ಅದು ಒಣ ಚಳಿ. ಅಷ್ಟು ತಣ್ಣಗಿರುವ ಗಾಳಿಯಲ್ಲಿ ನೀರಿನ ಪಸೆ ನಿಲ್ಲುವುದೇ ಕಷ್ಟ. ಕಬ್ಬಿಣ ತಣ್ಣಗೆ, ಒಣಗಿ, ಹಾಗೇ ಕೂತಿರುತ್ತದೆ. ಆಮೇಲೊಂದು ದಿನ ದಕ್ಷಿಣದ ಗಾಳಿ ಬೀಸುತ್ತದೆ. ಹಿಮ ಕರಗುತ್ತದೆ. ಅಕ್ಕಪಕ್ಕದವರು ಜಾಕೆಟ್ ಬಿಚ್ಚಿಟ್ಟು, ಇವತ್ತು ಹವಾ ಎಷ್ಟು ಚೆನ್ನಾಗಿದೆ ಅಲ್ವಾ ಅಂತ ಮಾತಾಡಿಸುತ್ತಾರೆ. ಆ ದಿನ ಶೆಡ್ಡಿಗೆ ಹೋಗಿ ಲೇತಿನ ಬೆಡ್ ಮೇಲೆ, ಅಂದರೆ ಉದ್ದನೆ ಕಬ್ಬಿಣದ ಅಡಿಪಾಯದ ಮೇಲೆ, ಬೆರಳಾಡಿಸಿದರೆ ಬೆರಳು ಒದ್ದೆಯಾಗುತ್ತದೆ. ಹೆದರಬೇಕಾದ ದಿನ ಅದು.

ನಾನಿರುವುದು ಕ್ಯಾಲಮಜೂ ಊರಿನಲ್ಲಿ. ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ಮಿಶಿಗನ್ ಸರೋವರ. ಆಚೆ ದಡ ಕಣ್ಣಿಗೆ ಕಾಣಿಸದಷ್ಟು ದೊಡ್ಡದು. ಕೆನಡಾ ಕಡೆಯಿಂದ ಬರುವ ಒಣ ಗಾಳಿ ಆ ನೀರಿನ ಮೇಲೆ ಹಾದು ಬರುವಾಗ ತೇವ ಹೀರಿಕೊಳ್ಳುತ್ತದೆ. ದಡ ದಾಟಿದ ಕೂಡಲೇ ಅದನ್ನೆಲ್ಲ ಹಿಮ ಮಾಡಿ ನಮ್ಮ ಮೇಲೆ ಸುರಿಯುತ್ತದೆ. ಅದೇ ಹಿಮ ಇನ್ನೂ ಸ್ವಲ್ಪ ಕೆಳಗೆ, ಇಂಡಿಯಾನಾದ ಸೌತ್ ಬೆಂಡ್ ಊರಿನ ಮೇಲೂ ಬೀಳುತ್ತದೆ. ನನ್ನ ಲೇತ್ ತಯಾರಾಗಿದ್ದು ಅಲ್ಲೇ. ಓಬ್ರಿಯನ್ ಅನ್ನುವ ಅವಳಿ ಅಣ್ಣತಮ್ಮಂದಿರು 1906ರಲ್ಲಿ ಸೌತ್ ಬೆಂಡ್ ಲೇತ್ ವರ್ಕ್ಸ್ ಅಂತ ಶುರು ಮಾಡಿದ ಕಾರ್ಖಾನೆ ಅದು. ಸ್ಟುಡಬೇಕರ್ ಕಾರು ಕೂಡ ಅದೇ ಊರಿನದು. ಅಲ್ಲಿ ಕಾರು ತಯಾರಿಸುವುದು 1963ರ ಡಿಸೆಂಬರಿನಲ್ಲಿ ನಿಂತುಹೋಯಿತು. ಆದರೆ ಆ ಊರಿನ ಲೇತುಗಳು ಮಾತ್ರ ಇವತ್ತಿಗೂ ಈ ಸೀಮೆಯ ಗ್ಯಾರೇಜುಗಳಲ್ಲಿ, ನೆಲಮಾಳಿಗೆಗಳಲ್ಲಿ ತಿರುಗುತ್ತಲೇ ಇವೆ.

ನನ್ನದು ಒಂಬತ್ತು ಇಂಚಿನದು, ಮಾಡೆಲ್ ಎ. ಒಂಬತ್ತು ಇಂಚು ಅಂದರೆ ಬೆಡ್ ಮೇಲೆ ಅಷ್ಟು ವ್ಯಾಸದ ಜಾಬ್ (ಕೆತ್ತುವ ತುಂಡು) ತಿರುಗಬಹುದು ಅಂತ ಅರ್ಥ. ಎ, ಬಿ, ಸಿ ಅಂತ ಮೂರು ಮಾಡೆಲ್ ಬರುತ್ತಿದ್ದವು. ಎ ಮಾಡೆಲಿಗೆ ಗೇರ್ ಬಾಕ್ಸ್ ಇರುತ್ತದೆ, ಹಿಡಿ ಸರಿಸಿ ಫೀಡ್, ಅಂದರೆ ಟೂಲ್ ಸರಿಯುವ ವೇಗ, ಬದಲಾಯಿಸಬಹುದು. ಸಿ ಮಾಡೆಲಿಗೆ ಒಂದೊಂದು ಥ್ರೆಡ್ಡಿಗೂ ಗೇರುಗಳನ್ನು ಕೈಯಲ್ಲಿ ಬಿಚ್ಚಿ ಹಾಕಬೇಕು. ಸ್ಕೂಲಿನ ವರ್ಕ್‌ಶಾಪು, ರಿಪೇರಿ ಅಂಗಡಿ, ಯುದ್ಧದ ಕಾಲದಲ್ಲಿ ಸೈನ್ಯದ ರಿಪೇರಿ ಘಟಕ, ಎಲ್ಲ ಕಡೆ ಈ ಸಣ್ಣ ಲೇತ್ ಕೆಲಸ ಮಾಡಿದೆ. ಬೆಡ್ಡಿನ ಬಲತುದಿಯಲ್ಲಿ, ಜಾಬಿನ ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಸರಿಸಿದರೆ, ಸೀರಿಯಲ್ ನಂಬರ್ ಒತ್ತಿರುವುದು ಕಾಣುತ್ತದೆ.

ಲೇತ್ ನನಗೆ ಹೊಸದೇನಲ್ಲ. ನನ್ನ ಸೋದರಮಾವ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಓಡಿಸುವ ಟರ್ನರ್ ಆಗಿದ್ದರು. 1941ರಲ್ಲಿ ತುಂಗಭದ್ರೆಯ ದಡದಲ್ಲಿ ಶುರುವಾದ ಆ ಕಾರ್ಖಾನೆಯ ಲೇತುಗಳನ್ನು ನಮ್ಮ ಕಡೆ ನೋಡದವರಿಲ್ಲ. ಈಗ ಆ ಕಾರ್ಖಾನೆ ಇಲ್ಲ. ಲೇತುಗಳು ದಾವಣಗೆರೆ, ಹುಬ್ಬಳ್ಳಿ, ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಇನ್ನೂ ಓಡುತ್ತಿವೆ. ಮಾವನ ಜೊತೆ ನಿಂತು ನೋಡಿ ಕಲಿತದ್ದೇ ನನ್ನ ಬಂಡವಾಳ. ಈಗಲೂ ಫೋನಿನಲ್ಲಿ ಅವರು ಮೊದಲು ವಿಚಾರಿಸುವುದು ಲೇತಿನ ಸಮಾಚಾರ. "ಅಷ್ಟು ಚಳಿಯಾಗ ಎಣ್ಣಿ ಗಟ್ಟಿ ಆಗಂಗಿಲ್ಲೇನೋ?"

ಆಗುತ್ತದೆ. ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಚಳಿಗಾಲದಲ್ಲಿ ಹಳೇ ಮಷೀನು ಓಡಿಸುವುದರಲ್ಲಿ ಅರ್ಧ ಕೆಲಸ ಎಣ್ಣೆಯದ್ದೇ.

ಜಾಬನ್ನು ತಿರುಗಿಸುವ ದಂಡಕ್ಕೆ ಸ್ಪಿಂಡಲ್ ಅನ್ನುತ್ತಾರೆ. ಈ ಲೇತಿನ ಸ್ಪಿಂಡಲ್‌ಗೆ ಬಾಲ್ ಬೇರಿಂಗ್ ಇಲ್ಲ. ಕನ್ನಡಿಯಷ್ಟು ನುಣುಪಾಗಿ ತಿಕ್ಕಿದ ಸ್ಟೀಲ್ ಸ್ಪಿಂಡಲ್ ನೇರವಾಗಿ ಲೇತಿನ ಎಡತುದಿಯ ಹೆಡ್‌ಸ್ಟಾಕಿನ ಬೀಡುಕಬ್ಬಿಣದೊಳಗೇ ತಿರುಗುತ್ತದೆ. ಎರಡರ ನಡುವಿನ ಸಂದು ಹೆಚ್ಚುಕಮ್ಮಿ ಒಂದು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗ. ಆ ಸಂದಿನಲ್ಲಿ ಎಣ್ಣೆಯ ಪೊರೆ ನಿಂತಿರುತ್ತದೆ. ಸ್ಪಿಂಡಲ್ ಓಡುವುದು ಆ ಪೊರೆಯ ಮೇಲೆ. ಎಣ್ಣೆಯನ್ನು ಮೇಲಕ್ಕೆ ಏರಿಸುವುದು ಕೆಳಗಿರುವ ಫೆಲ್ಟ್ ಬತ್ತಿ. ಬತ್ತಿ ಎಣ್ಣೆ ಏರಿಸಬೇಕಾದರೆ ಎಣ್ಣೆ ತೆಳ್ಳಗಿರಬೇಕು. ಅದಕ್ಕೇ ಕಂಪನಿಯವರು ಸ್ಪಿಂಡಲಿಗೆ ಬೇರೆ, ಗೇರಿಗೆ ಬೇರೆ, ಬೆಡ್ಡಿಗೆ ಬೇರೆ ಎಣ್ಣೆ ಹಾಕಿ ಅಂತ ಹೇಳಿದ್ದರು. ನಾನು ಸ್ಪಿಂಡಲಿಗೆ ವಿಜಿ 22 ಹಾಕುತ್ತೇನೆ, ಬೆಡ್ಡಿಗೆ ವಿಜಿ 68. ಈ ನಂಬರು 40 ಡಿಗ್ರಿ ಶಾಖದಲ್ಲಿ ಅಳೆದ ಗಟ್ಟಿತನ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನಕ್ಕೆ ಆ ಲೆಕ್ಕ ಸರಿ. ಸೊನ್ನೆ ಡಿಗ್ರಿಗೆ ಬಂದರೆ ಅದೇ 68ರ ಎಣ್ಣೆ ಹತ್ತು ಪಟ್ಟಿಗಿಂತ ಜಾಸ್ತಿ ಗಟ್ಟಿಯಾಗಿರುತ್ತದೆ. ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿ ಕಾಯ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲೇತಿನ ಎಣ್ಣೆ ಪೂರ್ತಿ ಗಡ್ಡೆ ಕಟ್ಟುವುದಿಲ್ಲ, ಅಷ್ಟೇ.

ಹಾಗಾಗಿ ಚಳಿಯಲ್ಲಿ ಸ್ವಿಚ್ ಒತ್ತುವ ಮುಂಚೆ ಒಂದಿಷ್ಟು ಕೆಲಸ ಇದೆ. ಎಣ್ಣೆ ಕ್ಯಾನನ್ನು ಹಿಂದಿನ ರಾತ್ರಿಯೇ ಮನೆಯೊಳಗೆ ತಂದಿಟ್ಟಿರುತ್ತೇನೆ. ಬೆಚ್ಚಗಿನ ಎಣ್ಣೆಯನ್ನು ಲೇತಿನ ಎಣ್ಣೆ ಬಟ್ಟಲುಗಳಿಗೆ ತುಂಬಿಸಿ, ಬೆಲ್ಟ್ ಹಿಡಿದು ಸ್ಪಿಂಡಲನ್ನು ಕೈಯಲ್ಲೇ ತಿರುಗಿಸುತ್ತೇನೆ. ಮೊದಲ ಸುತ್ತಿನಲ್ಲಿ ಅದು ಬಿಗಿಯಾಗಿ, ಅಂಟಂಟಾಗಿ ಬರುತ್ತದೆ. ತಿರುಗಿಸುತ್ತಾ ಹೋದ ಹಾಗೆ ಕೈಗೆ ಹಗುರ ಆಗುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಯಾವುದೇ ಮೀಟರ್ ಹೇಳದ್ದನ್ನು ಅಂಗೈ ಹೇಳುತ್ತದೆ. ಆಮೇಲೆ ವೇಗ ತಗ್ಗಿಸುವ ಬ್ಯಾಕ್ ಗೇರ್ ಹಾಕಿ, ಎಲ್ಲಕ್ಕಿಂತ ಕಡಿಮೆ ಸ್ಪೀಡಿನಲ್ಲಿ ಬಿಟ್ಟು, ನಾನು ಬೇರೆ ಕೆಲಸ ನೋಡುತ್ತೇನೆ. ಟೂಲ್ ಸಾಣೆ ಹಿಡಿಯುವುದು, ಜಾಬಿಗೆ ಅಳತೆ ಗೀಚುವುದು, ಇಂಥದ್ದು. ಒಂದು ಹತ್ತು–ಹದಿನೈದು ನಿಮಿಷ ಕಳೆದ ಮೇಲೆ ಹೆಡ್‌ಸ್ಟಾಕ್ ಮುಟ್ಟಿದರೆ ಬೇರಿಂಗ್ ಇರುವ ಜಾಗದಲ್ಲಿ ಮೊದಲಿನ ಕೊರೆತ ಇರುವುದಿಲ್ಲ. ಆಮೇಲೆ ಒಂದು ಸ್ಪೀಡ್ ಮೇಲೆ, ಸ್ವಲ್ಪ ಬಿಟ್ಟು ಇನ್ನೊಂದು.

"ಮಷೀನ್ ಕೂಗ್ಸಬ್ಯಾಡಪ್ಪ," ಅಂತ ಮಾವ ಹೇಳುತ್ತಿದ್ದರು. ಹರಿಹರದಲ್ಲಿ ಚಳಿಯ ಕಾಟವೇ ಇಲ್ಲ. ಆದರೂ ಬೆಳಗಿನ ಶಿಫ್ಟಿನಲ್ಲಿ ಅವರು ಲೇತನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿಯೇ ಜಾಬ್ ಕಟ್ಟುತ್ತಿದ್ದರು. ಆಗ ಅದು ಹಿರಿಯರ ಅಭ್ಯಾಸ ಅಂತ ಅಂದುಕೊಂಡಿದ್ದೆ. ಇಲ್ಲಿ ಅದೇ ಅಭ್ಯಾಸ ಮಷೀನನ್ನು ಉಳಿಸುತ್ತಿದೆ. ಗಟ್ಟಿ ಎಣ್ಣೆ ಇರುವಾಗ ಒಮ್ಮೆಲೇ ಸ್ಪೀಡ್ ಕೊಟ್ಟರೆ ಸಂದಿನಿಂದ ಎಣ್ಣೆ ಆಚೆ ಹೋಗುತ್ತದೆ, ಬತ್ತಿಯಿಂದ ಹೊಸ ಎಣ್ಣೆ ಅಷ್ಟು ಬೇಗ ಮೇಲೆ ಬರುವುದಿಲ್ಲ. ಸ್ಟೀಲಿಗೆ ಬೀಡು ಒಣಗಿ ಉಜ್ಜುತ್ತದೆ. ಬೇರಿಂಗ್ ಆದರೆ ಕಳಚಿ ಹೊಸದು ಹಾಕಬಹುದು. ಇಲ್ಲಿ ಹೆಡ್‌ಸ್ಟಾಕೇ ಬೇರಿಂಗ್. ಗೀರು ಬಿದ್ದರೆ ಸುಲಭದ ದಾರಿ ಇಲ್ಲ.

ಮೋಟರಿಗೂ ಇದೇ ಮಾತು. ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರು, ಗ್ರೀಸ್ ಗಟ್ಟಿಯಾಗಿರುವಾಗ ಹೂಂಕರಿಸುತ್ತದೆ, ಏಳುವುದಕ್ಕೆ ಕಷ್ಟಪಡುತ್ತದೆ. ಬೆಲ್ಟ್ ಸಡಿಲ ಮಾಡಿ ಮೋಟರನ್ನು ಮೊದಲು ಒಂಟಿಯಾಗಿ ಓಡಿಸಿ, ಆಮೇಲೆ ಬೆಲ್ಟ್ ಬಿಗಿದರೆ ಅದಕ್ಕೂ ಸುಲಭ. ಹಳೇ ಚರ್ಮದ ಬೆಲ್ಟ್ ಚಳಿಗೆ ಸೆಟೆದುಕೊಂಡು ಜಾರುತ್ತದೆ. ಇಲ್ಲಿ ಬಹಳ ಜನ ಕಾರಿನ ಎಂಜಿನ್ ಬೆಲ್ಟನ್ನು ಕತ್ತರಿಸಿ, ಒಳಮೈ ಹೊರಮೈ ತಿರುಗಿಸಿ, ಅಂಟು ಹಾಕಿ ಕೂಡಿಸಿಕೊಳ್ಳುತ್ತಾರೆ. ನನ್ನದೂ ಈಗ ಅದೇ. ಚಳಿಗೆ ಅದು ಜಗ್ಗುವುದಿಲ್ಲ.

ಇನ್ನು ತುಕ್ಕು. ನನಗೆ ಇದರ ಬಗ್ಗೆ ಜಾಸ್ತಿ ಹೇಳಬೇಕಿದೆ.

ಗಾಳಿ ಬೆಚ್ಚಗಾದಷ್ಟೂ ಹೆಚ್ಚು ನೀರನ್ನು ಆವಿಯಾಗಿ ಇಟ್ಟುಕೊಳ್ಳುತ್ತದೆ. ಆ ಗಾಳಿ ತಣ್ಣನೆ ವಸ್ತುವಿಗೆ ತಾಗಿದರೆ ಆವಿ ನೀರಾಗಿ ಅದರ ಮೇಲೆ ಕೂರುತ್ತದೆ. ಒಂದು ಲೆಕ್ಕ ನೋಡಿ. ಹಿಮ ಕರಗುವ ದಿನ ಹೊರಗೆ 10 ಡಿಗ್ರಿ, ಗಾಳಿಯ ತೇವ ನೂರಕ್ಕೆ 90. ಆ ಗಾಳಿ ಎಂಟು ಡಿಗ್ರಿಗೆ ತಣ್ಣಗಾದರೆ ಸಾಕು, ನೀರು ಬಿಡುವುದಕ್ಕೆ ಶುರು ಮಾಡುತ್ತದೆ. ಲೇತ್ ಮಾತ್ರ ಹಿಂದಿನ ವಾರದ ಚಳಿಯನ್ನು ಮೈಯಲ್ಲಿ ಇಟ್ಟುಕೊಂಡು ಮೈನಸ್ ಐದರಲ್ಲಿ ಕೂತಿರುತ್ತದೆ. ಅಷ್ಟು ದಪ್ಪ ಬೀಡು ಬೇಗ ಬೆಚ್ಚಗಾಗುವುದಿಲ್ಲ. ಗಾಳಿ ಒಂದೆರಡು ಗಂಟೆಯಲ್ಲಿ ಬದಲಾದರೆ ಲೇತಿಗೆ ಒಂದಿಡೀ ದಿನ ಬೇಕು. ಅಷ್ಟೂ ಹೊತ್ತು ಅದರ ಮೇಲೆ ನೀರು ಕೂರುತ್ತಲೇ ಇರುತ್ತದೆ. ಮೊದಲು ಹಿಮದ ಬಿಳಿ ಹುಡಿ, ಆಮೇಲೆ ಸಣ್ಣ ಹನಿ, ಆಮೇಲೆ ಹನಿ ಕೂಡಿ ಧಾರೆ. ಜಾಬನ್ನು ಕಚ್ಚಿ ಹಿಡಿಯುವ ಚಕ್ಕಿನ ಕೆಳಗೆ ಬೆಡ್ ಮೇಲೆ ನೀರು ನಿಂತಿರುವುದನ್ನು ನೋಡಿದವರು ಚಾವಣಿ ಸೋರಿದೆ ಅಂತ ಮೇಲೆ ನೋಡುತ್ತಾರೆ. ಚಾವಣಿ ಸೋರಿರುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ಜೂನ್ ಜುಲೈನಲ್ಲಿ ಕತ್ತಿ, ಗರಗಸ, ಎಲ್ಲಕ್ಕೂ ತುಕ್ಕು ಬರುತ್ತದಲ್ಲ, ಅದು ಬೇರೆ ತರಹ. ಅಲ್ಲಿ ತಿಂಗಳುಗಟ್ಟಲೆ ತೇವ ಇರುತ್ತದೆ, ನಿಧಾನವಾಗಿ ಹಿಡಿಯುತ್ತದೆ, ದಿನಾ ಎಣ್ಣೆ ಬಟ್ಟೆ ಆಡಿಸಿದರೆ ತಡೆಯಬಹುದು. ಇಲ್ಲಿ ಒಂದೇ ಮಧ್ಯಾಹ್ನದಲ್ಲಿ ಬರುತ್ತದೆ. ಬೆಳಗ್ಗೆ ಹೊಳೆಯುತ್ತಿದ್ದ ಟೇಲ್‌ಸ್ಟಾಕ್ ಸಾಯಂಕಾಲಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿರಬಹುದು.

ಹಾಗಾದರೆ ಹೀಟರ್ ಇಡಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಯಾವ ಹೀಟರ್ ಅನ್ನುವುದೇ ಪ್ರಶ್ನೆ. ಇಲ್ಲಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಪ್ರೊಪೇನ್ ಸಿಲಿಂಡರ್ ಮೇಲೆ ಕೂರಿಸುವ ಹೀಟರ್. ಹೊಗೆ ಕೊಳವೆ ಇರುವುದಿಲ್ಲ. ಉರಿದದ್ದೆಲ್ಲ ಶೆಡ್ಡಿನೊಳಗೇ ಉಳಿಯುತ್ತದೆ. ಪ್ರೊಪೇನ್ ಉರಿದರೆ ಶಾಖದ ಜೊತೆಗೆ ನೀರೂ ಹುಟ್ಟುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ. ಇಲ್ಲಿ ಸಾಮಾನ್ಯವಾಗಿ ಸಿಗುವ ಒಂಬತ್ತು ಕಿಲೋ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಹತ್ತಿರ ಹತ್ತಿರ 15 ಲೀಟರ್ ನೀರು ಶೆಡ್ಡಿನ ಗಾಳಿಗೆ ಸೇರಿರುತ್ತದೆ. ಒಂದು ಕೊಡ ನೀರನ್ನು ಹೊತ್ತು ತಂದು ಲೇತಿನ ಪಕ್ಕ ಕುದಿಸಿದ ಲೆಕ್ಕ ಇದು. ಆ ಆವಿಗೆ ಶೆಡ್ಡಿನಲ್ಲಿ ಸಿಗುವ ಅತಿ ತಣ್ಣನೆ ಜಾಗ ಅಂದರೆ ಲೇತೇ. ಸೀಮೆಎಣ್ಣೆ ಹೀಟರಿನದೂ ಇದೇ ಕಥೆ. ಜೊತೆಗೆ ಬಾಗಿಲು ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡರೆ ಮನುಷ್ಯನ ಜೀವಕ್ಕೇ ಅಪಾಯ. ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗುವುದೇ ಇಲ್ಲ. ನಾನು ಈ ಹೀಟರುಗಳನ್ನು ಶೆಡ್ಡಿನೊಳಗೆ ತರುವುದಿಲ್ಲ. ಬೇರೆಯವರಿಗೂ ಬೇಡ ಅಂತಲೇ ಹೇಳುತ್ತೇನೆ.

ಇಡೀ ಶೆಡ್ಡನ್ನು ಬೆಚ್ಚಗೆ ಮಾಡುವ ಬದಲು ಲೇತನ್ನು ಮಾತ್ರ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗೆ ಇಟ್ಟರೆ ಸಾಕು. ತಣ್ಣಗಿರುವುದರ ಮೇಲೆ ಮಾತ್ರ ನೀರು ಕೂರುತ್ತದೆ, ಗಾಳಿಗಿಂತ ಬೆಚ್ಚಗಿರುವುದರ ಮೇಲೆ ಕೂರುವುದಿಲ್ಲ. ಎಷ್ಟು ಶಾಖ ಅನ್ನುವುದಕ್ಕಿಂತ ಯಾವುದು ಯಾವುದಕ್ಕಿಂತ ಬೆಚ್ಚಗಿದೆ ಅನ್ನುವುದೇ ಇಲ್ಲಿ ಮುಖ್ಯ. ಕಾರಿನ ಎಂಜಿನ್ ಆಯಿಲ್ ಬಿಸಿ ಮಾಡಲು ಅಂಟಿಸುವ ಸಣ್ಣ ಕರೆಂಟಿನ ಪ್ಯಾಡ್ ಸಿಗುತ್ತದೆ. ಕಡಿಮೆ ವ್ಯಾಟಿನದ್ದೊಂದನ್ನು ತಂದು ಬೆಡ್ಡಿನ ಕೆಳಗೆ ಅಂಟಿಸಿದ್ದೇನೆ. ಹಳಬರು ಇದೇ ಕೆಲಸಕ್ಕೆ ಬೆಡ್ಡಿನ ಕೆಳಗೆ ಒಂದು ಬಲ್ಬ್ ಹಚ್ಚಿಡುತ್ತಿದ್ದರು. ಆ ಹಳೇ ಬಲ್ಬಿನ ಕರೆಂಟೆಲ್ಲ ಹೆಚ್ಚುಕಮ್ಮಿ ಶಾಖವೇ ಆಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬಿನಿಂದ ಆ ಕೆಲಸ ಆಗದು.

ಮೇಲೆ ಹೊದಿಸುವುದಕ್ಕೆ ಪ್ಲಾಸ್ಟಿಕ್ ಹಾಳೆ ಬಳಸಬಾರದು. ಒಳಗೆ ಸೇರಿದ ತೇವ ಆಚೆ ಹೋಗದೆ ಅಲ್ಲೇ ಹನಿಯಾಗುತ್ತದೆ. ನನ್ನ ಲೇತಿನ ಮೇಲೆ ಅತ್ತೆ ಹೊಲಿದ ಕೌದಿ ಇದೆ. ಹಳೇ ಸೀರೆ, ಪಂಚೆಗಳ ಐದಾರು ಪದರ. ಮೊದಲ ಸಲ ಅದನ್ನು ಶೆಡ್ಡಿಗೆ ಒಯ್ಯುವಾಗ ನನ್ನ ಹೆಂಡತಿಗೆ ಅಷ್ಟೇನೂ ಇಷ್ಟ ಆಗಲಿಲ್ಲ, ಅದು ನ್ಯಾಯವೇ. ಆದರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆ ನಾನು ನೋಡಿಲ್ಲ. ಕೆಳಗಿನ ಪ್ಯಾಡಿನ ಶಾಖವನ್ನು ಹಿಡಿದಿಡುತ್ತದೆ, ತೇವವನ್ನು ನಿಧಾನವಾಗಿ ಆಚೆ ಬಿಡುತ್ತದೆ. ಅದರ ಒಂದು ಮೂಲೆಯಲ್ಲಿ ಎಣ್ಣೆ ಕಲೆ ಆಗಿ ಹಸಿರು ಬಾರ್ಡರ್ ಕಪ್ಪಾಗಿದೆ. ಟೇಲ್‌ಸ್ಟಾಕಿನ ಹಿಡಿಗೆ ಆ ಮೂಲೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಗಾಳಿಗೆ ಜಾರುವುದಿಲ್ಲ.

ಟೂಲ್ ಪೆಟ್ಟಿಗೆಯಲ್ಲಿ ಕರ್ಪೂರ ಇಟ್ಟಿದ್ದೇನೆ. ಇದನ್ನು ನಮ್ಮವರು ಯಾರಾದರೂ ನೋಡಿದರೆ ಆಯುಧಪೂಜೆಯದ್ದು ಉಳಿದಿದೆ ಅಂದುಕೊಳ್ಳುತ್ತಾರೆ. ಅಸಲಿಗೆ ಇದು ಅಮೆರಿಕದ ಹಳೇ ಮಷಿನಿಸ್ಟರ ರೂಢಿ. ಮರದ ಟೂಲ್ ಪೆಟ್ಟಿಗೆಯ ಡ್ರಾಯರಿನಲ್ಲಿ ಕರ್ಪೂರದ ಗಟ್ಟಿ ಇಡುತ್ತಿದ್ದರು. ಅದು ಆವಿಯಾಗಿ ಮೈಕ್ರೋಮೀಟರ್, ಡ್ರಿಲ್ ಬಿಟ್ ಮೇಲೆಲ್ಲ ತೆಳ್ಳಗೆ ಕೂತು ತುಕ್ಕು ತಡೆಯುತ್ತದೆ ಅನ್ನುವುದು ಅವರ ನಂಬಿಕೆ. ನನಗೆ ಕರ್ಪೂರ ಸಿಗುವುದು ಇಂಡಿಯನ್ ಅಂಗಡಿಯಲ್ಲಿ. ಡ್ರಾಯರ್ ಎಳೆದರೆ ದೇವರ ಮನೆಯ ವಾಸನೆ ಬರುತ್ತದೆ. ಈ ದೇಶದ ಯಾರೋ ಹಳೇ ಟರ್ನರ್ ಕೂಡ ಅದೇ ವಾಸನೆಯಲ್ಲಿ ದಿನಾ ಕೆಲಸ ಶುರು ಮಾಡಿರುತ್ತಾನೆ ಅನ್ನುವುದು ನನಗೆ ತುಂಬ ಹಿತವಾದ ಯೋಚನೆ.

ಉಪ್ಪಿನ ಬಗ್ಗೆಯೂ ಒಂದು ಮಾತು. ಇಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿ ಇದೆ. ಆ ಉಪ್ಪು ಕಾರಿನ ಚಕ್ರಕ್ಕೆ ಮೆತ್ತಿಕೊಂಡು ಗ್ಯಾರೇಜಿಗೆ ಬರುತ್ತದೆ, ನೀರಾಗಿ ನೆಲದಲ್ಲಿ ಹರಿಯುತ್ತದೆ, ಒಣಗಿ ಬೆಳ್ಳಗೆ ಉಳಿಯುತ್ತದೆ. ಉಪ್ಪು ಸೇರಿದ ತೇವ ಬರೀ ನೀರಿಗಿಂತ ಎಷ್ಟೋ ಬೇಗ ಕಬ್ಬಿಣವನ್ನು ತಿನ್ನುತ್ತದೆ. ಲೇತ್ ಇರುವ ಜಾಗದಲ್ಲಿ ಕಾರು ನಿಲ್ಲಿಸಬೇಡಿ. ಬೇರೆ ದಾರಿ ಇಲ್ಲ ಅಂದರೆ ನೆಲ ತೊಳೆದು ಒರೆಸಿ.

ಮನುಷ್ಯನ ಚಳಿಯ ವಿಷಯಕ್ಕೆ ಬರೋಣ. ಇಲ್ಲಿ ನನಗೆ ಯಾವ ರಿಯಾಯಿತಿಯೂ ಇಷ್ಟ ಇಲ್ಲ. ತಿರುಗುತ್ತಿರುವ ಲೇತಿನ ಹತ್ತಿರ ಗ್ಲೌಸ್ ಹಾಕಬಾರದು. ಚಳಿ ಎಷ್ಟೇ ಇರಲಿ, ಹಾಕಬಾರದು. ಗ್ಲೌಸಿನ ತುದಿ ಚಕ್ಕಿಗೆ ಸಿಕ್ಕಿದರೆ ಕೈ ಅದರ ಹಿಂದೆ ಹೋಗುತ್ತದೆ, ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಮಫ್ಲರ್, ಸಡಿಲ ತೋಳಿನ ಸ್ವೆಟರ್, ದಾರ ನೇತಾಡುವ ಜಾಕೆಟ್, ಎಲ್ಲವೂ ಅಷ್ಟೇ. ಬೇಸಿಗೆಯಲ್ಲಿ ಅರ್ಧ ತೋಳಿನ ಅಂಗಿ ಹಾಕಿ ಕೆಲಸ ಮಾಡುವಾಗ ಈ ಅಪಾಯ ಕಡಿಮೆ. ಚಳಿಗಾಲ ನಮ್ಮ ಮೈಮೇಲೆ ಬಟ್ಟೆ ಹೇರುತ್ತದೆ, ಲೇತಿಗೆ ಬೇಕಾಗಿರುವುದು ಬಟ್ಟೆ ಕಡಿಮೆ ಇರುವ ಮನುಷ್ಯ. ಈ ಎರಡರ ನಡುವೆ ಜಾಣತನದಿಂದ ದಾರಿ ಮಾಡಿಕೊಳ್ಳಬೇಕು. ಮೈಗೆ ಅಂಟುವ ಉಣ್ಣೆಯ ಬನಿಯನ್ ಎರಡು, ಮೇಲೆ ಮಣಿಕಟ್ಟಿನಲ್ಲಿ ಬಿಗಿ ಇರುವ ದಪ್ಪ ಅಂಗಿ, ಅದನ್ನು ಪ್ಯಾಂಟಿನೊಳಗೆ ಸೇರಿಸಿ, ಕುಣಿಕೆ ಇಲ್ಲದ ಉಣ್ಣೆ ಟೋಪಿ. ಕಾಲ ಕೆಳಗೆ ದಪ್ಪ ರಬ್ಬರ್ ಮ್ಯಾಟ್, ಯಾಕಂದರೆ ಕಾಂಕ್ರೀಟ್ ನೆಲದ ಚಳಿ ಪಾದದಿಂದಲೇ ಹತ್ತುತ್ತದೆ. ಕೈಗೆ ಬಿಸಿನೀರಿನ ಬಾಟಲಿ ಪಕ್ಕದಲ್ಲಿ ಇರುತ್ತದೆ. ಲೇತ್ ನಿಲ್ಲಿಸಿದಾಗ ಹಿಡಿದುಕೊಳ್ಳುತ್ತೇನೆ. ಬೆರಳು ಜೋಮು ಹಿಡಿದು ಹಿಡಿಯ ಹಿಡಿತ ಗೊತ್ತಾಗದಂತಾದರೆ ಆವತ್ತಿನ ಕೆಲಸ ಮುಗಿಯಿತು ಅಂತಲೇ ಅರ್ಥ. ಒದ್ದೆ ಕೈಯಲ್ಲಿ ಮೈನಸ್ 15ರ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ, ಅದನ್ನೂ ನೆನಪಿಡಿ.

ಅಳತೆಯ ವಿಷಯ ನನಗೆ ಇಡೀ ಚಳಿಗಾಲದ ಅತಿ ಪ್ರೀತಿಯ ಭಾಗ. ಎಂಜಿನಿಯರಿಂಗಿನ ಅಳತೆಗಳಿಗೆಲ್ಲ ಒಂದು ಶಾಖ ಗೊತ್ತುಮಾಡಿದ್ದಾರೆ, 20 ಡಿಗ್ರಿ. 1931ರಲ್ಲಿ ಜಗತ್ತು ಅದನ್ನು ಒಪ್ಪಿಕೊಂಡಿತು. ಅದಕ್ಕೂ ಮೊದಲೇ ಸ್ವೀಡನ್ನಿನ ಯೊಹಾನ್ಸನ್ ತನ್ನ ಗೇಜ್ ಬ್ಲಾಕುಗಳನ್ನು (ಅಳತೆ ಪರೀಕ್ಷಿಸುವ ಸ್ಟೀಲ್ ತುಂಡುಗಳನ್ನು) 20 ಡಿಗ್ರಿಯ ಲೆಕ್ಕಕ್ಕೆ ತಯಾರಿಸುತ್ತಿದ್ದ. ಅದೇ ಯೊಹಾನ್ಸನ್ 1923ರಲ್ಲಿ ಇಲ್ಲೇ ಮಿಶಿಗನ್‌ಗೆ ಬಂದು, ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಜೊತೆ ಕೆಲಸ ಮಾಡಿದ. ಅವನ ಲೆಕ್ಕದ 20 ಡಿಗ್ರಿ ಎಲ್ಲಿ, ನನ್ನ ಶೆಡ್ಡಿನ ಸೊನ್ನೆ ಎಲ್ಲಿ. ಆದರೂ ಸ್ಟೀಲ್ ಜಾಬನ್ನು ಸ್ಟೀಲ್ ಮೈಕ್ರೋಮೀಟರಿನಿಂದ ಅಳೆದರೆ ಗಾಬರಿ ಬೇಡ. ಎರಡೂ ಒಂದೇ ತಣ್ಣಗಿದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ. ತೊಂದರೆ ಬರುವುದು ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದಾಗ, ಅಥವಾ ಲೋಹ ಬೇರೆ ಬೇರೆ ಆದಾಗ.

ಹೋದ ತಿಂಗಳು ಪಕ್ಕದ ಮನೆಯ ಹಿರಿಯರ ಹಿಮ ನೂಕುವ ಮಷೀನಿಗೆ ಕಂಚಿನ ಬುಷ್, ಅಂದರೆ ತೂತಿನೊಳಗೆ ಕೂರುವ ಬಳೆ, ಮಾಡಿಕೊಟ್ಟೆ. ಹಳೇ ಮಷೀನು, ಬಿಡಿಭಾಗ ಸಿಗುವುದಿಲ್ಲ. ಬುಷ್ಷಿನ ಹೊರ ಅಳತೆ 25 ಮಿಲಿಮೀಟರ್. ಕೂರಬೇಕಾದದ್ದು ಬೀಡಿನ ತೂತಿನೊಳಗೆ, ಬಿಗಿಯಾಗಿ. ಬಿಗಿ ಅಂದರೆ ಬುಷ್ ತೂತಿಗಿಂತ 0.03 ಮಿಲಿಮೀಟರ್ ದಪ್ಪ ಇರಬೇಕು. ಕೊನೆಯದಕ್ಕೆ ಹಿಂದಿನ ಕಟ್ ಹೊಡೆದ ಕೂಡಲೇ ಬುಷ್ ಕೈಗೆ ಬಿಸಿ ತಾಗುವಷ್ಟು ಇತ್ತು, ಒಂದು 50 ಡಿಗ್ರಿ ಇರಬಹುದು. ಶೆಡ್ಡು ಸೊನ್ನೆ. ಕಂಚು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 18 ಮೈಕ್ರಾನ್ ಕುಗ್ಗುತ್ತದೆ. 25 ಮಿಲಿಮೀಟರಿಗೆ, 50 ಡಿಗ್ರಿ ಇಳಿದರೆ, 0.022 ಮಿಲಿಮೀಟರ್. ಅಂದರೆ ಬಿಸಿ ಇರುವಾಗ ಅಳೆದು ಸರಿಯಾಗಿದೆ ಅಂತ ಬಿಚ್ಚಿಬಿಟ್ಟರೆ, ತಣ್ಣಗಾಗುವಷ್ಟರಲ್ಲಿ ಮುಕ್ಕಾಲು ಬಿಗಿ ಹೋಗಿರುತ್ತದೆ. ಹಾಗಾಗಿ ಕೊನೆಯ ಕಟ್ಟಿಗೆ ಮುಂಚೆ ಲೇತ್ ನಿಲ್ಲಿಸಿ, ಜಾಬ್ ಚಕ್ಕಿನಲ್ಲೇ ಇರುವ ಹಾಗೆ, ಕಾದೆ. ಕಂಚು ಬೇಗ ತಣ್ಣಗಾಗುತ್ತದೆ. ಮೈಕ್ರೋಮೀಟರನ್ನು ಅಂಗೈಯಲ್ಲಿ ಪೂರ್ತಿ ಹಿಡಿಯದೆ, ಎರಡು ಬೆರಳಲ್ಲಿ ತುದಿ ಹಿಡಿದು ಅಳೆದೆ. ಕೈಯ ಶಾಖ ಅದಕ್ಕೂ ಏರುತ್ತದೆ. ಆಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಕಟ್. ಮೊನಚು ಟೂಲ್, ಕಡಿಮೆ ಫೀಡ್. ಕಂಚಿನ ಪುಡಿ ಬಂಗಾರದ ಬಣ್ಣದಲ್ಲಿ ಟ್ರೇಗೆ ಉದುರುತ್ತಿತ್ತು. ಬುಷ್ ಬಿಸಿಯೇ ಆಗಲಿಲ್ಲ. ಅಳತೆ ಸರಿಯಾಗಿ ನಿಂತಿತು.

ಕೂರಿಸುವಾಗ ಚಳಿ ನನ್ನ ಪರ ಇತ್ತು. ಬುಷ್ಷನ್ನು ರಾತ್ರಿ ಹೊರಗೆ ಮೈನಸ್ 15ರಲ್ಲಿ ಬಿಟ್ಟೆ. ಬೆಳಗ್ಗೆ ಬೀಡಿನ ಭಾಗವನ್ನು ಹೀಟ್ ಗನ್ನಿನಿಂದ 100 ಡಿಗ್ರಿ ಹತ್ತಿರ ಬಿಸಿ ಮಾಡಿದೆ. ತೂತು 0.026 ಹಿಗ್ಗಿತು, ಬುಷ್ 0.007 ಕುಗ್ಗಿತು. ಕೂಡಿದರೆ 0.033. ಬೇಕಾಗಿದ್ದ 0.03ಕ್ಕಿಂತ ಕೂದಲಷ್ಟು ಜಾಸ್ತಿ. ಬಿಸಿಯದೇ ದೊಡ್ಡ ಪಾಲು, ನಿಜ. ಆದರೆ ಆ ಕೊನೆಯ 0.007 ಇಲ್ಲದಿದ್ದರೆ ಸುತ್ತಿಗೆ ಹಿಡಿಯಬೇಕಿತ್ತು. ಬುಷ್ ಬೆರಳಿನ ಒತ್ತಕ್ಕೇ ಒಳಗೆ ಜಾರಿತು. ಎರಡರ ಶಾಖ ಒಂದಾಗುವಷ್ಟರಲ್ಲಿ ಅಲ್ಲಾಡಿಸಲಾಗದಂತೆ ಹಿಡಿದುಕೊಂಡಿತು. ಹಿರಿಯರು ತೊಟ್ಟಿ ಮನೆಯ ಅಜ್ಜನ ಹಾಗೆ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಇನ್ನೊಮ್ಮೆ ಹಿಮ ಬಿದ್ದಾಗ ಮೊದಲು ನಮ್ಮ ಮನೆಯ ಮುಂದಿನ ದಾರಿಯನ್ನೇ ಬಿಡಿಸಿಕೊಟ್ಟರು.

ಸುತ್ತಿಗೆ ಅಂದ ಕೂಡಲೇ ನೆನಪಾಯಿತು. ಈ ಲೇತಿನಲ್ಲಿ ಚಕ್ ಸ್ಪಿಂಡಲಿಗೆ ಥ್ರೆಡ್ಡಿನಿಂದ ಕೂರುತ್ತದೆ. ಒಂದೂವರೆ ಇಂಚು, ಇಂಚಿಗೆ ಎಂಟು ಥ್ರೆಡ್. ಗಟ್ಟಿಯಾದ ಎಣ್ಣೆ, ಸಣ್ಣ ತುಕ್ಕು ಸೇರಿ ಚಳಿಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಬ್ಯಾಕ್ ಗೇರ್ ಕೂಡಿಸಿ ಸ್ಪಿಂಡಲ್ ಬಂಧಿಸಿ ಚಕ್ಕಿಗೆ ಬಡಿಯುವ ಆಸೆ ಬೇಡ. ಗೇರಿನ ಹಲ್ಲು ಬೀಡಿನದು, ಏಟಿಗೆ ಮುರಿಯುತ್ತದೆ. ಹೊಸ ಗೇರ್ ಹುಡುಕುವುದು ದೊಡ್ಡ ತಲೆನೋವು. ಹೀಟ್ ಗನ್ ಹಿಡಿದು ಚಕ್ಕಿನ ಹಿಂಬದಿ ಬೆಚ್ಚಗೆ ಮಾಡಿ, ಎಣ್ಣೆ ಬಿಟ್ಟು, ಚಕ್ಕಿನ ಹಲ್ಲಿಗೆ ಉದ್ದನೆ ಮರದ ತುಂಡು ಕೊಟ್ಟು ಕೈಯಲ್ಲೇ ಜಗ್ಗಿ. ಬರುತ್ತದೆ. ಕೂರಿಸುವಾಗಲೇ ಥ್ರೆಡ್ ಒರೆಸಿ ಎಣ್ಣೆ ಹಚ್ಚಿದ್ದರೆ ಇನ್ನೂ ಬೇಗ ಬರುತ್ತದೆ.

ನೀರು ಬೆರೆಸುವ ಕೂಲೆಂಟ್ (ಕಟ್ ಹೊಡೆಯುವಾಗ ತಂಪು ಮಾಡುವ ದ್ರವ) ಚಳಿಗಾಲದಲ್ಲಿ ನನ್ನ ಶೆಡ್ಡಿನಲ್ಲಿ ಇರುವುದಿಲ್ಲ. ಹೆಪ್ಪುಗಟ್ಟುತ್ತದೆ, ಕರಗಿದ ಮೇಲೆ ಎಣ್ಣೆ ನೀರು ಬೇರೆಯಾಗಿ ಕೆಲಸಕ್ಕೆ ಬರುವುದಿಲ್ಲ. ಕಟಿಂಗ್ ಆಯಿಲನ್ನು ಬ್ರಷ್ಷಿನಲ್ಲಿ ಹಚ್ಚುತ್ತೇನೆ, ಸಾಕಾಗುತ್ತದೆ. ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ನೆಮ್ಮದಿಯಾಗಿ ಮಲಗುವವರನ್ನು ನೋಡಿದ್ದೇನೆ. ಅದರ ಹೆಸರಲ್ಲೇ (ವಾಟರ್ ಡಿಸ್‌ಪ್ಲೇಸ್‌ಮೆಂಟ್) ಇರುವಂತೆ ಅದು ನೀರನ್ನು ಸರಿಸುವುದಕ್ಕೆ ಮಾಡಿದ್ದು. ಒದ್ದೆಯಾದ ಬೆಡ್ ಒಣಗಿಸಲು ಒಳ್ಳೆಯದು. ತಿಂಗಳುಗಟ್ಟಲೆ ಕಾಯುವ ಪೊರೆ ಅಲ್ಲ. ಒಣಗಿಸಿದ ಮೇಲೆ ಬೆಡ್ಡಿನ ದಪ್ಪ ಎಣ್ಣೆಯನ್ನೇ ಬಟ್ಟೆಯಲ್ಲಿ ಆಡಿಸಬೇಕು.

ಶೆಡ್ಡಿಗೆ ಹೀಟರ್ ಹಾಕಿಸುವ ಆಸೆ ಇಲ್ಲ ಅಂತ ಅಲ್ಲ. ಇದೆ. ಆದರೆ ಮೊದಲು ಗೋಡೆ, ಚಾವಣಿಗೆ ಇನ್ಸುಲೇಷನ್ ಆಗಬೇಕು. ದೊಡ್ಡ ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಬೇಕು. ಇಷ್ಟಾದರೆ ಬೆಚ್ಚನೆ ತೇವದ ಗಾಳಿ ಒಮ್ಮೆಲೇ ನುಗ್ಗುವುದಿಲ್ಲ, ಲೇತಿಗೆ ಬದಲಾಗುವುದಕ್ಕೆ ಸಮಯ ಸಿಗುತ್ತದೆ. ಆಮೇಲೆ ಒಂದು ಕರೆಂಟಿನ ಹೀಟರ್, ಹಗಲೂ ರಾತ್ರಿ ಐದು ಡಿಗ್ರಿಯಲ್ಲಿ. ಶನಿವಾರ ಮಾತ್ರ 20ಕ್ಕೆ ಏರಿಸಿ ಭಾನುವಾರ ರಾತ್ರಿ ಆರಿಸುವುದಕ್ಕಿಂತ ಇದು ಲೇತಿಗೆ ಎಷ್ಟೋ ಮೇಲು. ಐದು ಡಿಗ್ರಿಯಲ್ಲಿ ನಾನು ಆರಾಮಾಗಿ ಕೆಲಸ ಮಾಡುತ್ತೇನೆ. ಗೋಡೆಯ ಕೆಲಸ ಮೇ ತಿಂಗಳಲ್ಲಿ ಹಿಡಿಯಬೇಕು, ಹೀಟರ್ ಅಕ್ಟೋಬರ್‌ನಲ್ಲಿ.